ಪಟ್ಟಿ ಹಿಡಿದು ಆಡಿದ ಮೊದಲ ವರ್ಷ: ಸ್ಕಾಟ್ಲೆಂಡಿನ 1890–91ರ ಫುಟ್‌ಬಾಲ್ ಸೀಸನ್

(ಗೆಳೆಯರ ಬಳಗದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಫುಟ್‌ಬಾಲ್ ಅಂದ ತಕ್ಷಣ ನಮಗೆ ಲೀಗ್ ನೆನಪಾಗುತ್ತದೆ. ಯಾರ ಮೇಲೆ ಯಾರು, ಯಾವತ್ತು, ಎಷ್ಟು ಗಂಟೆಗೆ ಅನ್ನೋ ಪಟ್ಟಿ ಸೀಸನ್ ಶುರುವಾಗುವ ಮೊದಲೇ ಕೈಗೆ ಬಂದಿರುತ್ತದೆ. ನಾವು ಆ ಪಟ್ಟಿಯ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಆದರೆ ಅದಕ್ಕೂ ಒಂದು ಹುಟ್ಟಿದ ದಿನ ಇದೆ. ಸ್ಕಾಟ್ಲೆಂಡಿನಲ್ಲಿ ಅದು 1890ರಲ್ಲಿ ಬಂತು. ಬೇಕೇ ಬೇಕು ಅಂತ ಓಡಾಡಿ ಅದನ್ನು ತಂದವರು ಒಂದು ಪುಟ್ಟ ಊರಿನವರು. ಅದು ಬಂದ ಮೇಲೆ ಜಾಸ್ತಿ ಪೆಟ್ಟು ತಿಂದದ್ದೂ ಅಂಥ ಪುಟ್ಟ ಊರುಗಳೇ. ನನಗೆ ಈ ಸೀಸನ್ ಇಷ್ಟವಾಗುವುದಕ್ಕೂ, ಓದಿದಾಗೆಲ್ಲ ಮನಸ್ಸಿಗೆ ಕಷ್ಟವಾಗುವುದಕ್ಕೂ ಅದೇ ಕಾರಣ.

ಮೊದಲು ಆ ಜಾಗ ನೋಡೋಣ. ಗ್ಲಾಸ್ಗೋ ನಗರದ ವಾಯವ್ಯಕ್ಕೆ ಲಾಕ್ ಲೋಮಂಡ್ ಅಂತ ದೊಡ್ಡ ಸರೋವರ ಇದೆ. ಅದರ ತೆಂಕಣ ತುದಿಯಿಂದ ಲೆವೆನ್ ಅನ್ನೋ ಸಣ್ಣ ನದಿ ಹೊರಟು, ಕೆಲವೇ ಮೈಲಿ ಹರಿದು, ಡಂಬಾರ್ಟನ್ ಊರಿನ ಹತ್ತಿರ ಕ್ಲೈಡ್ ನದಿಯನ್ನು ಸೇರುತ್ತದೆ. ಈ ಸಣ್ಣ ಕಣಿವೆಯಲ್ಲಿ ಅಲೆಕ್ಸಾಂಡ್ರಿಯಾ, ಬಾನ್‌ಹಿಲ್, ರೆಂಟನ್ ಅಂತ ಊರುಗಳು. ಎಲ್ಲ ಬಟ್ಟೆಗೆ ಬಣ್ಣ ಹಾಕುವ ಊರುಗಳು. ಕೆಳಗಿನ ಡಂಬಾರ್ಟನ್ ಹಡಗು ಕಟ್ಟುವ ಊರು. ಚಹಾ ಸಾಗಿಸುತ್ತಿದ್ದ ಪ್ರಸಿದ್ಧ ಕಟ್ಟಿ ಸಾರ್ಕ್ ಹಡಗು 1869ರಲ್ಲಿ ನೀರಿಗಿಳಿದದ್ದು ಇಲ್ಲಿಯೇ.

ಬಣ್ಣದ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು. ಲೆವೆನ್ ಕಣಿವೆಯ ಕಾರ್ಖಾನೆಗಳ ಹೆಸರುವಾಸಿ ಸರಕು ‘ಟರ್ಕಿ ರೆಡ್’ ಬಟ್ಟೆ. ಗಾಢ ಕೆಂಪು ಬಣ್ಣ, ಎಷ್ಟು ಒಗೆದರೂ ಬಿಡುವುದಿಲ್ಲ. ಹಳೆಯ ಪದ್ಧತಿಯಲ್ಲಿ ಇದಕ್ಕೆ ಮಂಜಿಷ್ಠದ ಜಾತಿಯ ಬೇರು, ಎಣ್ಣೆ, ಸಗಣಿ, ಪಟಿಕ ಎಲ್ಲ ಬೇಕಾಗುತ್ತಿತ್ತು. ಬಟ್ಟೆಯನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ವಾರಗಟ್ಟಲೆ ಕೆಲಸ. ಅದಕ್ಕೆ ಮೆದು ನೀರು ಹೇರಳವಾಗಿ ಬೇಕು, ಲೆವೆನ್ ನದಿಯಲ್ಲಿ ಅದು ಇತ್ತು. ಹೀಗೆ ತಯಾರಾದ ಬಟ್ಟೆಯಲ್ಲಿ ಬಹುಪಾಲು ಹಡಗು ಹತ್ತಿ ಭಾರತಕ್ಕೆ ಬರುತ್ತಿತ್ತು. ನಮ್ಮವರ ಕಣ್ಣಿಗೆ ಹಿಡಿಸಲಿ ಅಂತ ಅದರ ಮೇಲೆ ನವಿಲಿನ ಚಿತ್ರ ಅಚ್ಚು ಹಾಕುತ್ತಿದ್ದರು. ಗಂಟಿನ ಮೇಲೆ ಅಂಟಿಸುತ್ತಿದ್ದ ಚೀಟಿಯಲ್ಲಿ ನಮ್ಮ ದೇವರುಗಳ ಚಿತ್ರ ಇರುತ್ತಿತ್ತು. ರೆಂಟನ್ನಿನ ಆಟಗಾರರು ಇಂಥ ಊರಿನ ಹುಡುಗರು.

ಶನಿವಾರ ಮಧ್ಯಾಹ್ನ ಕೆಲಸ ಬಿಡುತ್ತಿತ್ತು. ಕಾರ್ಖಾನೆ ಕಾನೂನಿನಿಂದ ಸಿಕ್ಕಿದ್ದ ಅರ್ಧ ದಿನದ ರಜೆ ಅದು. ಕೂಗು ಹೊಡೆದ ಕೂಡಲೇ ಜನ ಮನೆಗೆ ಹೋಗಿ ಒಂದಿಷ್ಟು ತಿಂದು ಮೈದಾನದ ಕಡೆ ನಡೆಯುತ್ತಿದ್ದರು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬೇಗ ಆಟ ಶುರುಮಾಡಬೇಕು, ಕತ್ತಲಾಗುವ ಮೊದಲು ಮುಗಿಸಬೇಕು. ವಾರವಿಡೀ ದುಡಿದವರಿಗೆ ಇದ್ದದ್ದು ಆ ಎರಡು–ಮೂರು ಗಂಟೆ.

ಇಷ್ಟು ಸಣ್ಣ ಕಣಿವೆ ಏನು ಸಾಧಿಸಿತ್ತು ನೋಡಿ. ಸ್ಕಾಟಿಷ್ ಕಪ್ ಶುರುವಾದದ್ದು 1873ರಲ್ಲಿ. ಅಲೆಕ್ಸಾಂಡ್ರಿಯಾದ ವೇಲ್ ಆಫ್ ಲೆವೆನ್ ತಂಡ 1877, 1878, 1879 – ಸತತ ಮೂರು ಸಲ ಅದನ್ನು ಗೆದ್ದಿತು. 1883ರಲ್ಲಿ ಡಂಬಾರ್ಟನ್ ಗೆದ್ದಿತು. ರೆಂಟನ್ 1885ರಲ್ಲಿ ಒಮ್ಮೆ, 1888ರಲ್ಲಿ ಇನ್ನೊಮ್ಮೆ. ಅದೇ 1888ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಪ್ ಗೆದ್ದಿದ್ದ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡವನ್ನು ಗ್ಲಾಸ್ಗೋದಲ್ಲಿ, ಗುಡುಗು ಮಳೆಯ ನಡುವೆ, 4–1ರಿಂದ ಹೊಡೆದು ರೆಂಟನ್ ‘ಜಗತ್ತಿನ ಚಾಂಪಿಯನ್’ ಅಂತ ಕರೆದುಕೊಂಡಿತು. ಕೆಲವೇ ಸಾವಿರ ಜನರಿದ್ದ ಊರು ಹಾಗೆ ಹೇಳಿಕೊಂಡಾಗ ಯಾರೂ ನಗಲಿಲ್ಲ. ಆಗ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಬಿಟ್ಟರೆ ಈ ಆಟ ಗಟ್ಟಿಯಾಗಿ ಬೇರೆಲ್ಲೂ ಇರಲಿಲ್ಲ.

ಹಾಗಾದರೆ ತೊಂದರೆ ಏನಿತ್ತು?

ನಮ್ಮ ಹಳ್ಳಿ ಕಬಡ್ಡಿ ಟೂರ್ನಮೆಂಟ್ ಹೇಗೋ ಕಪ್ ಹಾಗೆ. ಒಮ್ಮೆ ಸೋತರೆ ಗಂಟುಮೂಟೆ ಕಟ್ಟಬೇಕು. ಸೆಪ್ಟೆಂಬರಿನಲ್ಲಿ ಸೋತ ಕ್ಲಬ್ಬಿಗೆ ಮೇ ತನಕ ಇರುವುದು ಬರೀ ಸ್ನೇಹದ ಪಂದ್ಯಗಳು. ಸ್ನೇಹದ ಪಂದ್ಯ ಅಂದರೆ ಎದುರಾಳಿಗಳಿಗೆ ಬರಲು ಮನಸ್ಸಾದರೆ ಬರುತ್ತಾರೆ. ಆ ದಿನ ಅವರಿಗೆ ಕಪ್ಪಿನ ಪಂದ್ಯ ಬಿದ್ದರೆ ಬರುವುದಿಲ್ಲ. ಬಂದರೂ ಕೆಲವೊಮ್ಮೆ ತಡವಾಗಿ, ಕೆಲವೊಮ್ಮೆ ಅರೆಬರೆ ತಂಡದೊಂದಿಗೆ. ಪೆನ್ನಿ ಪೆನ್ನಿ ಕೂಡಿಟ್ಟು ನೋಡಲು ಬಂದ ಜನಕ್ಕೆ ಬೇಜಾರು, ಕ್ಲಬ್ಬಿಗೆ ನಷ್ಟ.

ಇನ್ನೊಂದು ಕಡೆಯಿಂದ ಇಂಗ್ಲೆಂಡಿನವರ ಕಾಟ. ಅಲ್ಲಿ 1885ರಲ್ಲೇ ಆಟಗಾರರಿಗೆ ಸಂಬಳ ಕೊಡುವುದನ್ನು ಕಾನೂನುಬದ್ಧ ಮಾಡಿದ್ದರು. 1888ರಲ್ಲಿ ಅಲ್ಲಿ ಲೀಗ್ ಶುರುವಾಯಿತು. ಅದಕ್ಕೆ ಮುಂದಾಳು ವಿಲಿಯಂ ಮೆಕ್‌ಗ್ರೆಗರ್, ಹುಟ್ಟಿನಿಂದ ಸ್ಕಾಟ್. ಮೊದಲ ವರ್ಷ ಒಂದೂ ಪಂದ್ಯ ಸೋಲದೆ ಅದನ್ನು ಗೆದ್ದ ಪ್ರೆಸ್ಟನ್ ತಂಡದಲ್ಲೂ ಸ್ಕಾಟ್ ಆಟಗಾರರ ಬಲ ದೊಡ್ಡದಿತ್ತು. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಮುಂದೆ ಹೋಗುವ ಆಟ ಸ್ಕಾಟ್ಲೆಂಡಿನವರು ಬೆಳೆಸಿದ್ದು. ಅದನ್ನು ಕಲಿಸುವಂತೆ ಆಡುತ್ತಿದ್ದರಿಂದ ಅವರನ್ನು ಇಂಗ್ಲೆಂಡಿನಲ್ಲಿ ‘ಸ್ಕಾಚ್ ಪ್ರೊಫೆಸರ್’ಗಳು ಅನ್ನುತ್ತಿದ್ದರು. ಇಂಗ್ಲೆಂಡಿನ ಕ್ಲಬ್ಬುಗಳ ಏಜೆಂಟರು ಸ್ಕಾಟ್ಲೆಂಡಿನ ಊರುಗಳಿಗೆ ಬಂದು ಸುಮ್ಮನೆ ಸುಳಿದಾಡುತ್ತಿದ್ದರು. ಊರವರ ಕೈಗೆ ಸಿಕ್ಕಿ ಏಟು ತಿಂದವರೂ ಉಂಟು. ಆದರೂ ಹುಡುಗರು ಹೋಗುತ್ತಲೇ ಇದ್ದರು. ಬಣ್ಣದ ತೊಟ್ಟಿಯ ಮುಂದೆ ನಿಂತು ದುಡಿಯುವವನಿಗೆ, ಆಟ ಆಡಿ ಅದಕ್ಕಿಂತ ಜಾಸ್ತಿ ಸಂಪಾದಿಸಬಹುದು ಅಂದರೆ ಬೇಡ ಅನ್ನುವುದು ಹೇಗೆ? ಅವರನ್ನು ದೂರುವ ಮನಸ್ಸು ನನಗಿಲ್ಲ.

ಸ್ಕಾಟ್ಲೆಂಡಿನಲ್ಲಿ ಮಾತ್ರ ಸಂಬಳ ಕೊಡುವಂತಿಲ್ಲ. ಫುಟ್‌ಬಾಲ್ ಸಂಸ್ಥೆಯ ಕಟ್ಟುನಿಟ್ಟಿನ ನಿಯಮ ಅದು. ಎಲ್ಲರೂ ಹವ್ಯಾಸಕ್ಕೆ ಆಡಬೇಕು. ಕ್ಲಬ್ಬುಗಳು ಕದ್ದುಮುಚ್ಚಿ ಕೊಡುತ್ತಿದ್ದವು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಖರ್ಚಿನ ಲೆಕ್ಕದಲ್ಲಿ ಅದನ್ನು ಇನ್ನೇನೋ ಅಂತ ಬರೆದು ಮುಚ್ಚುತ್ತಿದ್ದರು. ಹೆಸರಿಗೆ ಹವ್ಯಾಸಿಯಾಗಿದ್ದ ಕೆಲವರು ಪಬ್ ಕೊಂಡುಕೊಳ್ಳುವಷ್ಟು ಸ್ಥಿತಿವಂತರಾಗಿದ್ದರು.

ಇಂಥ ಹೊತ್ತಿನಲ್ಲಿ ರೆಂಟನ್ ಕ್ಲಬ್ಬಿನ ಕಾರ್ಯದರ್ಶಿ ಪೀಟರ್ ಫೇರ್ಲಿ ಬೇರೆ ಕ್ಲಬ್ಬುಗಳಿಗೆ ಪತ್ರ ಬರೆದರು. ನಾವೂ ಒಂದು ಲೀಗ್ ಮಾಡೋಣ, ಕೂತು ಮಾತಾಡೋಣ ಬನ್ನಿ ಅಂತ. 1890ರ ಮಾರ್ಚ್ 20ರಂದು ಮೊದಲ ಸಭೆ. ಏಪ್ರಿಲ್ 30ರಂದು ಗ್ಲಾಸ್ಗೋದ ಗ್ಲಾಸ್‌ಫರ್ಡ್ ಬೀದಿಯ ಹೋಟೆಲೊಂದರಲ್ಲಿ ಲೀಗ್ ಹುಟ್ಟಿತು. ಕರೆ ಹೋದದ್ದು ಹದಿನಾಲ್ಕು ಕ್ಲಬ್ಬುಗಳಿಗೆ. ಕ್ಲೈಡ್ ಬರಲಿಲ್ಲ. ಕ್ವೀನ್ಸ್ ಪಾರ್ಕ್ ಕೂಡ ಬರಲಿಲ್ಲ.

ಕ್ವೀನ್ಸ್ ಪಾರ್ಕ್ ಬರದೇ ಇದ್ದದ್ದು ಸಣ್ಣ ಮಾತಲ್ಲ. ಅದು ಸ್ಕಾಟ್ಲೆಂಡಿನ ಹಿರಿಯ ಕ್ಲಬ್, 1867ರದ್ದು. ಆಟಕ್ಕಾಗಿಯೇ ಆಟ ಅನ್ನುವುದು ಅವರ ಧ್ಯೇಯವಾಕ್ಯ. ಲೀಗ್ ಬಂದರೆ ಹಿಂದೆಯೇ ದುಡ್ಡು ಬರುತ್ತದೆ, ಸಣ್ಣ ಕ್ಲಬ್ಬುಗಳು ಸಾಯುತ್ತವೆ ಅಂತ ಅವರ ವಾದ. ಆ ಕಾಲದ ಕ್ರೀಡಾ ಪತ್ರಿಕೆಗಳಲ್ಲೂ ಲೀಗಿನ ನಿಯಮಗಳಿಂದ ದುಡ್ಡಿನ ವಾಸನೆ ಹೊಡೆಯುತ್ತಿದೆ ಅನ್ನುವ ಧಾಟಿಯ ಬರಹಗಳು ಬಂದವು. ಮುಂದೆ ಆದದ್ದನ್ನು ನೋಡಿದರೆ ಆ ಭಯ ಸುಳ್ಳಾಗಲಿಲ್ಲ ಅನ್ನಬೇಕು.

ಕೊನೆಗೆ ಹನ್ನೊಂದು ಕ್ಲಬ್ಬುಗಳು ಸೇರಿದವು. ಲೆವೆನ್ ಕಣಿವೆಯಿಂದ ರೆಂಟನ್, ವೇಲ್ ಆಫ್ ಲೆವೆನ್, ಡಂಬಾರ್ಟನ್. ಗ್ಲಾಸ್ಗೋದಿಂದ ರೇಂಜರ್ಸ್, ಸೆಲ್ಟಿಕ್, ಥರ್ಡ್ ಲಾನಾರ್ಕ್, ಮತ್ತೆ ರೈಲ್ವೆ ವರ್ಕ್‌ಶಾಪಿನ ಕಡೆಯ ಕೌಲೇರ್ಸ್. ಗ್ಲಾಸ್ಗೋ ಪಕ್ಕದ ಕ್ಯಾಂಬಸ್‌ಲಾಂಗ್. ಪೇಸ್ಲಿಯಿಂದ ಅಬರ್‌ಕಾರ್ನ್ ಮತ್ತು ಸೇಂಟ್ ಮಿರನ್. ಎಡಿನ್‌ಬರೋದಿಂದ ಹಾರ್ಟ್ಸ್ ಮಾತ್ರ.

1890ರ ಆಗಸ್ಟ್ 16, ಶನಿವಾರ, ಆಟ ಶುರು. ಗೆದ್ದರೆ ಎರಡು ಪಾಯಿಂಟ್, ಡ್ರಾ ಆದರೆ ಒಂದು. ಆ ದಿನ ರೇಂಜರ್ಸ್ ಹಾರ್ಟ್ಸನ್ನು 5–2ರಿಂದ ಸೋಲಿಸಿತು. ರೆಂಟನ್ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್ಕನ್ನು ಅದರ ಮೈದಾನದಲ್ಲೇ 4–1ರಿಂದ ಮುರಿಯಿತು. ಈ ಗೆಲುವಿನ ಹಿಂದೆ ಹಳೆಯ ನೋವೊಂದಿದೆ. ಎರಡು ವರ್ಷದ ಹಿಂದೆ ಸೆಲ್ಟಿಕ್ ಆಟ ಶುರುಮಾಡಿದಾಗ ರೆಂಟನ್ನಿನ ಒಳ್ಳೆಯ ಆಟಗಾರರಾದ ಜೇಮ್ಸ್ ಕೆಲ್ಲಿ, ನೀಲ್ ಮೆಕಾಲಂ ಅಲ್ಲಿಗೆ ಹೋಗಿಬಿಟ್ಟಿದ್ದರು. ಹಾಗಾಗಿ ಆ ಸಂಜೆ ರೆಂಟನ್ನಿಗೆ ಮರಳಿದ ರೈಲಿನಲ್ಲಿ ಎಷ್ಟು ಸಂಭ್ರಮ ಇದ್ದಿರಬೇಕು, ಯೋಚಿಸಿ.

ಆ ಗೆಲುವು ಇವತ್ತು ಲೀಗಿನ ಪಟ್ಟಿಯಲ್ಲಿ ಇಲ್ಲ.

ಕಾರಣ ಎಡಿನ್‌ಬರೋದ ಸೇಂಟ್ ಬರ್ನಾರ್ಡ್ಸ್. ಲೀಗಿಗೆ ಸೇರಲು ಬಂದು ಜಾಗ ಸಿಗದ ಕ್ಲಬ್ ಅದು. ಕದ್ದು ಸಂಬಳ ಕೊಟ್ಟರು ಅಂತ ಸೆಪ್ಟೆಂಬರಿನಲ್ಲಿ ಅವರಿಗೆ ಫುಟ್‌ಬಾಲ್ ಸಂಸ್ಥೆ ನಿಷೇಧ ಹಾಕಿತು. ನಿಷೇಧ ಇದ್ದವರ ಜೊತೆ ಯಾರೂ ಆಡುವಂತಿಲ್ಲ. ಆಗ ‘ಎಡಿನ್‌ಬರೋ ಸೇಂಟ್ಸ್’ ಅನ್ನುವ ಹೆಸರಿನಲ್ಲಿ ಒಂದು ತಂಡ ಎದ್ದು ಬಂತು. ಹೆಸರು ಬೇರೆ, ಮುಖಗಳು ಅವೇ. ಅವರ ಜೊತೆ ರೆಂಟನ್ ಒಂದು ಸ್ನೇಹದ ಪಂದ್ಯ ಆಡಿತು. ಸಂಸ್ಥೆಗೆ ಗೊತ್ತಾಗದೇ ಇರುತ್ತದಾ? ರೆಂಟನ್ನನ್ನು ಹೊರಗೆ ಹಾಕಿದರು. ಅಷ್ಟರಲ್ಲಿ ರೆಂಟನ್ ಲೀಗಿನಲ್ಲಿ ಐದು ಪಂದ್ಯ ಆಡಿತ್ತು. ಐದೂ ಅಳಿಸಿಹೋದವು. ಲೀಗ್ ಬೇಕು ಅಂತ ಪತ್ರ ಬರೆದ ಊರು ಮೊದಲ ಸೀಸನ್ನಿನ ಪಟ್ಟಿಯಲ್ಲೇ ಇಲ್ಲದ ಹಾಗಾಯಿತು.

ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ನಿಯಮ ಮುರಿದದ್ದು ನಿಜ. ಆದರೆ ಎಲ್ಲರೂ ಮಾಡುತ್ತಿದ್ದ ಕೆಲಸಕ್ಕೆ ಒಬ್ಬಿಬ್ಬರನ್ನು ಹಿಡಿದು ಹೊಡೆದರೆ ಏಟು ಬೀಳುವುದು ಬಡವರ ಬೆನ್ನಿಗೆ. ರೆಂಟನ್ನಿನವರು ಸುಮ್ಮನೆ ಕೂರಲಿಲ್ಲ. ಸಂಸ್ಥೆಯ ಮೇಲೆ ಕೋರ್ಟಿಗೆ ಹೋದರು, ಗೆದ್ದರು, ಮುಂದಿನ ಸೀಸನ್ನಿಗೆ ವಾಪಸ್ ಬಂದರು. ಆದರೆ ಒಂದು ವರ್ಷ ಲೀಗಿನ ಆಟವಿಲ್ಲದೆ ಕೂತ ಕ್ಲಬ್ಬಿನ ಗತಿ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಉಳಿದ ಹತ್ತು ತಂಡಗಳು ಹದಿನೆಂಟು ಪಂದ್ಯ ಆಡಿದವು. ಹೊಸ ವ್ಯವಸ್ಥೆಯ ನಿಯಮಗಳು ಹಲವರಿಗೆ ಬಿಸಿ ಮುಟ್ಟಿಸಿದವು. ಗೋಲ್‌ಕೀಪರ್ ಒಬ್ಬನನ್ನು ನೋಂದಣಿಯ ಗಡುವು ಮುಗಿಯುವ ಮೊದಲೇ ಆಡಿಸಿದ್ದಕ್ಕೆ ಸೆಲ್ಟಿಕ್ಕಿಗೆ ನಾಲ್ಕು ಪಾಯಿಂಟ್ ಕಡಿತ. ಇಂಥದ್ದೇ ತಪ್ಪಿಗೆ ಥರ್ಡ್ ಲಾನಾರ್ಕ್‌ಗೂ ನಾಲ್ಕು, ಕೌಲೇರ್ಸ್‌ಗೂ ನಾಲ್ಕು. ಅದೇ ಸೀಸನ್ನಿನಲ್ಲಿ ಗಡಿಯಾಚೆ ಇಂಗ್ಲೆಂಡಿನ ಸಂಡರ್ಲೆಂಡ್ ತಂಡವೂ ಅರ್ಬ್ರೋತ್‌ನಿಂದ ಬಂದ ಗೋಲ್‌ಕೀಪರ್ ನೆಡ್ ಡೋಯಿಗ್‌ನನ್ನು ಅವಸರಪಟ್ಟು ಆಡಿಸಿ ಎರಡು ಪಾಯಿಂಟ್ ಕಳೆದುಕೊಂಡಿತು. ಒಳ್ಳೆಯ ಆಟಗಾರ ಕೈಗೆ ಸಿಕ್ಕಿದ ಕೂಡಲೇ ಮೈದಾನಕ್ಕೆ ಇಳಿಸುವುದು ಅದುವರೆಗಿನ ಅಭ್ಯಾಸ. ಇನ್ನು ಮೇಲೆ ಕಾಗದ ಮೊದಲು, ಆಟ ಆಮೇಲೆ.

ಆಗಿನ ಆಟ ಹೇಗಿತ್ತು ಅಂತ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಪೆನಾಲ್ಟಿ ಕಿಕ್ ಅನ್ನುವುದೇ ಇರಲಿಲ್ಲ. ರೆಫರಿ ಮೈದಾನದ ಹೊರಗೆ ಇರುತ್ತಿದ್ದರು. ಒಳಗೆ ಎರಡೂ ಕಡೆಯಿಂದ ಒಬ್ಬೊಬ್ಬ ಅಂಪೈರ್. ಇಬ್ಬರಿಗೂ ಒಮ್ಮತ ಬಾರದಿದ್ದರೆ ರೆಫರಿಯನ್ನು ಕೇಳುವುದು. ಅಂಗಿಯ ಮೇಲೆ ನಂಬರ್ ಇಲ್ಲ. ಈ ಸೀಸನ್ನಿನ ಒಂದು ಘಟನೆ ಹೇಳುತ್ತೇನೆ. 1890ರ ಡಿಸೆಂಬರಿನಲ್ಲಿ ಸ್ಕಾಟಿಷ್ ಕಪ್ಪಿನ ಕ್ವಾರ್ಟರ್ ಫೈನಲ್, ಹಾರ್ಟ್ಸ್ ಮೇಲೆ ಈಸ್ಟ್ ಸ್ಟರ್ಲಿಂಗ್‌ಶೈರ್. ಈಸ್ಟ್ ಸ್ಟರ್ಲಿಂಗ್‌ಶೈರ್‌ನವರು ಹೊಡೆದ ಚೆಂಡು ಕಂಬಿಯ ಕೆಳಗೆ ಒಳಗೆ ಹೋಗುತ್ತಿತ್ತು. ಹಾರ್ಟ್ಸಿನ ಜಿಮ್ಮಿ ಆಡಮ್ಸ್ ಅದನ್ನು ಮುಷ್ಟಿಯಿಂದ ಗುದ್ದಿ ಹೊರಗೆ ಹಾಕಿದ. ಅವನು ಗೋಲ್‌ಕೀಪರ್ ಅಲ್ಲ, ಹಿಂದೆ ನಿಲ್ಲುವ ಆಟಗಾರ. ಅದಕ್ಕೆ ಸಿಕ್ಕ ಶಿಕ್ಷೆ ಒಂದು ಸಾಮಾನ್ಯ ಫ್ರೀ ಕಿಕ್. ಹಾರ್ಟ್ಸಿನವರು ಗೋಲಿನ ಬಾಯಿಗೆ ಅಡ್ಡ ನಿಂತರೆ ಅದರಿಂದ ಗೋಲು ಹೊಡೆಯುವುದಾದರೂ ಹೇಗೆ? ಆ ಪಂದ್ಯ ಹಾರ್ಟ್ಸ್ ಗೆದ್ದಿತು, ಮುಂದೆ 1891ರ ಫೆಬ್ರವರಿ 7ರಂದು ಡಂಬಾರ್ಟನ್ನನ್ನು 1–0ಯಿಂದ ಸೋಲಿಸಿ ಕಪ್ಪನ್ನೂ ಗೆದ್ದಿತು. ಇಂಥ ಘಟನೆಗಳ ಮೇಲೆ ಗಲಾಟೆ ಎದ್ದು, 1891ರ ಜೂನ್ 2ರಂದು ಗ್ಲಾಸ್ಗೋದಲ್ಲೇ ನಡೆದ ಸಭೆಯಲ್ಲಿ ಪೆನಾಲ್ಟಿ ಕಿಕ್ ಜಾರಿಗೆ ಬಂತು. ರೆಫರಿ ಮೈದಾನದ ಒಳಗೆ ಬಂದದ್ದೂ ಆ ವರ್ಷವೇ.

ಭಾರತದಲ್ಲಿ ಇದೇ ಹೊತ್ತಿಗೆ ಫುಟ್‌ಬಾಲ್ ಬೇರು ಬಿಡುತ್ತಿತ್ತು. ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾದದ್ದು 1888ರಲ್ಲಿ. ಮೊದಲ ಫೈನಲ್‌ನಲ್ಲಿ ಎದುರಾದ ಎರಡೂ ತಂಡ ಸ್ಕಾಟ್ಲೆಂಡಿನ ರೆಜಿಮೆಂಟುಗಳೇ – ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಮತ್ತು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ. ಈ ಎರಡನೆಯದು ಗ್ಲಾಸ್ಗೋದ ಹುಡುಗರ ರೆಜಿಮೆಂಟ್. 1889ರಲ್ಲೂ 1890ರಲ್ಲೂ ಕಪ್ ಗೆದ್ದದ್ದು ಅವರೇ. ಲೆವೆನ್ ಕಣಿವೆಯ ಕೆಂಪು ಬಟ್ಟೆ ಬಂದ ದೇಶಕ್ಕೇ ಅವರ ಆಟವೂ ಬಂದಿತ್ತು.

ಮತ್ತೆ ಲೀಗಿಗೆ ಬರೋಣ. ಚಳಿಗಾಲ ಕಳೆಯುವ ಹೊತ್ತಿಗೆ ಪೈಪೋಟಿ ಎರಡು ತಂಡಗಳ ನಡುವೆ ಉಳಿದಿತ್ತು. ಒಂದು ರೇಂಜರ್ಸ್. 1872ರಲ್ಲಿ ಹುಟ್ಟಿದ್ದರೂ ಸ್ಕಾಟಿಷ್ ಕಪ್ಪನ್ನು ಇನ್ನೂ ಒಮ್ಮೆಯೂ ಗೆದ್ದಿರಲಿಲ್ಲ. ಆದರೆ ನಗರದ ಜನ ಹಿಂದೆ ಇದ್ದರು. ಇಬ್ರಾಕ್ಸ್‌ನಲ್ಲಿ ಒಳ್ಳೆಯ ಮೈದಾನ ಇತ್ತು. ಕೌಲೇರ್ಸ್‌ನಲ್ಲಿ ಮಿಂಚುತ್ತಿದ್ದ ಜಾನ್ ಮೆಕ್‌ಫರ್ಸನ್ 1890ರಲ್ಲಿ ಇವರ ಕಡೆ ಬಂದಿದ್ದ. ಇನ್ನೊಂದು ಡಂಬಾರ್ಟನ್. ಬಾಗ್‌ಹೆಡ್ ಅನ್ನೋ ಸಣ್ಣ ಮೈದಾನ, ಹಡಗು ಕಟ್ಟುವವರ ಊರು, ಮುಂದೆ ನಿಂತು ಗೋಲು ಹೊಡೆಯಲು ಜ್ಯಾಕ್ ಬೆಲ್. ಆ ಸೀಸನ್ನಿನಲ್ಲಿ ಅವನದು 20 ಗೋಲು, ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ.

ಕೊನೆಯ ಲೆಕ್ಕ ಹೀಗೆ. ಡಂಬಾರ್ಟನ್: 18 ಪಂದ್ಯ, 13 ಗೆಲುವು, 3 ಡ್ರಾ, 2 ಸೋಲು, 29 ಪಾಯಿಂಟ್. ರೇಂಜರ್ಸ್: 18 ಪಂದ್ಯ, 13 ಗೆಲುವು, 3 ಡ್ರಾ, 2 ಸೋಲು, 29 ಪಾಯಿಂಟ್. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೂರನೆಯ ಸೆಲ್ಟಿಕ್ 21ರಲ್ಲಿ ನಿಂತಿತು.

ಪಾಯಿಂಟ್ ಸಮ ಬಂದರೆ ಏನು ಮಾಡಬೇಕು ಅಂತ ಲೀಗ್ ಯೋಚಿಸಿರಲಿಲ್ಲ. ಇನ್ನೊಂದು ಪಂದ್ಯ ಆಡಿಸೋಣ ಅಂದರು. 1891ರ ಮೇ 21, ಗುರುವಾರ, ಥರ್ಡ್ ಲಾನಾರ್ಕ್‌ನವರ ಕ್ಯಾತ್‌ಕಿನ್ ಪಾರ್ಕ್‌ನಲ್ಲಿ. ಅರ್ಧ ಆಟಕ್ಕೆ ರೇಂಜರ್ಸ್ 2–0 ಮುಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡವರೇ ಜಾಸ್ತಿ ಇದ್ದಿರಬೇಕು. ಎರಡನೇ ಅರ್ಧದಲ್ಲಿ ಡಂಬಾರ್ಟನ್ ಎರಡೂ ಗೋಲು ವಾಪಸ್ ಕೊಟ್ಟಿತು. 2–2. ಮತ್ತೆ ಸಮ. ಲೀಗಿನವರು ಕೂತು, ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದರು. ಸ್ಕಾಟ್ಲೆಂಡಿನ ಅಗ್ರ ಲೀಗಿನ ಪ್ರಶಸ್ತಿ ಹೀಗೆ ಹಂಚಿಹೋದದ್ದು ಇದೊಂದೇ ಸಲ.

ಈ ಪಂದ್ಯದ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದು ಕಡೆ ಮಹಾನಗರ, ಇನ್ನೊಂದು ಕಡೆ ನದಿ ದಡದ ಸಣ್ಣ ಊರು. ಅವತ್ತು ಸಂಜೆ ಇಬ್ಬರೂ ಸರಿಸಮ. ಮುಂದಿನ ವರ್ಷ, 1891–92ರಲ್ಲಿ, ಡಂಬಾರ್ಟನ್ ಯಾರೊಂದಿಗೂ ಹಂಚಿಕೊಳ್ಳದೆ ಒಬ್ಬನೇ ಚಾಂಪಿಯನ್ ಆಯಿತು, ಸೆಲ್ಟಿಕ್ಕನ್ನು ಎರಡು ಪಾಯಿಂಟಿನಿಂದ ಹಿಂದೆ ಹಾಕಿ. ಆಮೇಲೆ ಮತ್ತೆಂದೂ ಆಗಲಿಲ್ಲ.

ಯಾಕೆ ಅಂದರೆ, ಪಟ್ಟಿ ಬಂದ ಮೇಲೆ ಪ್ರತಿ ಶನಿವಾರಕ್ಕೂ ಬೆಲೆ ಬಂತು. ದೊಡ್ಡ ಊರಿನ ಮೈದಾನಕ್ಕೆ ಪ್ರತಿ ಸಲವೂ ಸಾವಿರಾರು ಜನ ಬರುತ್ತಾರೆ. ಸಣ್ಣ ಊರಿನಲ್ಲಿ ಊರಿಗೆ ಊರೇ ಬಂದು ನಿಂತರೂ ಅಷ್ಟಾಗುವುದಿಲ್ಲ. ಕಪ್ಪಿನಲ್ಲಾದರೆ ನಾಲ್ಕಾರು ಪಂದ್ಯ ಜೀವ ಬಿಟ್ಟು ಆಡಿ ಗೆಲ್ಲಬಹುದಿತ್ತು. ಲೀಗಿನಲ್ಲಿ ಎಂಟು ತಿಂಗಳು ತಂಡ ಹಿಡಿದಿಟ್ಟುಕೊಳ್ಳಬೇಕು, ಅದಕ್ಕೆ ದುಡ್ಡು ಬೇಕು. 1893ರಲ್ಲಿ ಸ್ಕಾಟ್ಲೆಂಡಿನಲ್ಲೂ ಸಂಬಳ ಕಾನೂನುಬದ್ಧ ಆಯಿತು. ಕದ್ದು ಕೊಡುವ ಕಾಲ ಮುಗಿಯಿತು, ಅದು ಒಳ್ಳೆಯದೇ. ಆದರೆ ಬಹಿರಂಗವಾಗಿ ಕೊಡುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಜ್ಯಾಕ್ ಬೆಲ್ ಇಂಗ್ಲೆಂಡಿನ ಎವರ್ಟನ್ನಿಗೆ ಹೋದ.

ಕೌಲೇರ್ಸ್ ಮೊದಲ ಸೀಸನ್ನಿನ ಕೊನೆಯಲ್ಲೇ ಲೀಗಿನಿಂದ ಹೊರಬಿತ್ತು. ವೇಲ್ ಆಫ್ ಲೆವೆನ್ ಕಥೆ ಇನ್ನೂ ಕಠಿಣ. 1890ರ ಸ್ಕಾಟಿಷ್ ಕಪ್ಪಿನ ಫೈನಲ್ ಆಡಿದ ತಂಡ ಅದು. ಎರಡು ವರ್ಷದಲ್ಲಿ, 1891–92ರ ಲೀಗಿನ 22 ಪಂದ್ಯಗಳಲ್ಲಿ ಒಂದೂ ಗೆಲ್ಲಲಿಲ್ಲ. ಐದು ಡ್ರಾ, ಹದಿನೇಳು ಸೋಲು. ಅಲ್ಲಿಗೆ ಲೀಗ್ ಬಿಟ್ಟಿತು. ರೆಂಟನ್ ಎರಡನೇ ಡಿವಿಷನ್ನಿಗೆ ಇಳಿದು, 1897ರಲ್ಲಿ ಹೊರಬಂತು. ಅದೇ ವರ್ಷ ಡಂಬಾರ್ಟನ್ ಕೂಡ ಜಾಗ ಕಳೆದುಕೊಂಡಿತು. ಎರಡು ಸಲದ ಚಾಂಪಿಯನ್, ಐದೇ ವರ್ಷದಲ್ಲಿ ಲೀಗಿನಿಂದ ಹೊರಗೆ! ಡಂಬಾರ್ಟನ್ 1906ರಲ್ಲಿ ಮರಳಿ ಬಂತು.

ಲೀಗ್ ಬರಲೇಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಬರದೇ ಇದ್ದರೂ ಹುಡುಗರು ಇಂಗ್ಲೆಂಡಿಗೆ ಹೋಗುತ್ತಿದ್ದರು, ರೆಂಟನ್ ಇನ್ನೂ ಬೇಗ ಸೊರಗುತ್ತಿತ್ತು. ಫೇರ್ಲಿ ಪತ್ರ ಬರೆದದ್ದು ಊರಿನ ತಂಡವನ್ನು ಉಳಿಸಿಕೊಳ್ಳಲು. ಅವರ ಮುಂದೆ ಇದ್ದ ದಾರಿಗಳಲ್ಲಿ ಅದೇ ಒಳ್ಳೆಯ ದಾರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಈಗಿನ ಹಾಗೆ ಗೋಲಿನ ವ್ಯತ್ಯಾಸ ನೋಡಿದ್ದರೆ 1891ರಲ್ಲಿ ಯಾರು ಗೆಲ್ಲುತ್ತಿದ್ದರು? ಡಂಬಾರ್ಟನ್. ಅವರು 61 ಹೊಡೆದು 21 ಬಿಟ್ಟುಕೊಟ್ಟಿದ್ದರು, ರೇಂಜರ್ಸ್ 58 ಹೊಡೆದು 25. ಆದರೂ ಹಂಚಿಕೊಂಡದ್ದೇ ಸರಿ ಅಂತ ನಾನು ಅವರಿಗೆ ಹೇಳಿದೆ. ಆಡುವಾಗ ಯಾರಿಗೂ ಗೋಲಿನ ಲೆಕ್ಕ ಮುಖ್ಯ ಅಂತ ಹೇಳಿರಲಿಲ್ಲ. ಆಟ ಮುಗಿದ ಮೇಲೆ ನಿಯಮ ಮಾಡಿ ಒಬ್ಬರ ಕೈಯಿಂದ ಕಿತ್ತುಕೊಂಡಿದ್ದರೆ, ಆ ವರ್ಷ ರೆಂಟನ್ನಿಗೆ ಆದ ನೋವಿನ ಜೊತೆ ಇನ್ನೊಂದು ಸೇರುತ್ತಿತ್ತು.